ಚರ್ಮದ ಬಾಯಾರಿಕೆ

ಶುಕ್ರವಾರ ಬೆಳಿಗ್ಗೆ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಆ ಎತ್ತರದ ಕಟ್ಟಡದಲ್ಲಿ ಮಿಕ್ಕವರೆಲ್ಲ ಇನ್ನೂ ಹಾಸಿಗೆಯಲ್ಲಿ ಹೊರಳಾಡುತ್ತಿರುವಾಗ ಮೋಹನದಾಸ ಸ್ನಾನ ಮುಗಿಸಿ, ಬನಿಯನ್-ಲುಂಗಿಯಲ್ಲಿ, ಬಾಲ್ಕನಿಯ ಬಾಗಿಲ ಬಳಿ ಹಳೆಯ ಪೇಪರ್ ಹಾಸಿ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದ. ದೂರದಿಂದ ನೋಡಿದವರು ಮನುಷ್ಯ ಪೂಜೆಗೆ ಕೂತಿದ್ದಾನೆ ಅಂದುಕೊಳ್ಳಬೇಕು. ಹತ್ತಿರ ಹೋಗಿ ನೋಡಿದರೂ ಅಭಿಪ್ರಾಯ ಬದಲಿಸಿಕೊಳ್ಳುವ ಅಗತ್ಯವೇನೂ ಇರಲಿಲ್ಲ. ಎದುರಿಗೆ ಸಾಲಾಗಿ ಶೂಗಳು. ಆಫೀಸಿನ ಕಪ್ಪು ಶೂ, ಮದುವೆ-ಮುಂಜಿಯ ಕಂದು ಶೂ, ಮಳೆಯೇ ಬಾರದ ಊರಿನಲ್ಲಿ ಮಳೆಗೆಂದು ಕೊಂಡ ಉದ್ದನೆಯ ಬೂಟು, ಎಲ್ಲಕ್ಕಿಂತ ಮುಂದೆ, ಗರ್ಭಗುಡಿಯ ಜಾಗದಲ್ಲಿ, ದುಬೈನ ಮಾಲೊಂದರಿಂದ ಬಂದ ಗಾಢ ಕೆಂಪು ಬಣ್ಣದ ಇಟಲಿಯ ಲೋಫರ್.

ಪೂಜೆಗೆ ಕ್ರಮವಿತ್ತು. ಮೊದಲು ಕುದುರೆ ಕೂದಲಿನ ಬ್ರಷ್ಷಿನಿಂದ ಧೂಳು ಕೊಡವಬೇಕು, ಹೊಲಿಗೆಯ ಸಂದಿಯಲ್ಲಿ ಕೂತ ಮರಳು ಚರ್ಮವನ್ನು ಸದ್ದಿಲ್ಲದೆ ಕೊಯ್ಯುತ್ತದೆ. ಆಮೇಲೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಆರಲು ಬಿಡಬೇಕು. ಬಿಸಿಲು ತೋರಿಸಿದರೆ ಕೆಟ್ಟಿತು. ಆಮೇಲೆ ಬೆರಳ ತುದಿಗೆ ಗಾಜಿನ ಜಾಡಿಯಿಂದ ಕಡಲೆಬೇಳೆಯಷ್ಟು ಕಂಡೀಷನರ್ ಕ್ರೀಮು ತೆಗೆದುಕೊಂಡು, ಬೆರಳನ್ನು ಸುತ್ತಿಸುತ್ತಾ, ಅವಸರ ಮಾಡದೆ ಉಜ್ಜಬೇಕು. ಅದು ಕುಡಿಯುವ ತನಕ ಕಾಯಬೇಕು. ಕೊನೆಗೆ ಮೆತ್ತನೆ ಬಟ್ಟೆಯಲ್ಲಿ ಹೊಳಪು ಬರಿಸಿ, ಆಕಾರ ಕೆಡದಂತೆ ಒಳಗೆ ದೇವದಾರು ಮರದ ಪಾದವೊಂದನ್ನು ತೂರಿಸಿ, ಮೇಲೆ ಬಟ್ಟೆಯ ಚೀಲ ಮುಚ್ಚಬೇಕು. ಇಷ್ಟೂ ವಿದ್ಯೆಯನ್ನು ಅವನು ಯೂಟ್ಯೂಬಿನಲ್ಲಿ ಒಬ್ಬ ಬಿಳಿ ಗಡ್ಡದ ಗುರುವಿನಿಂದ ಕಲಿತಿದ್ದ. ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವ ಜಿಪುಣತನ ಮಾತ್ರ ಅವನಲ್ಲಿರಲಿಲ್ಲ.

"ಚರ್ಮ ಅಂದ್ರೆ ಎಂತ ಅಂತ ಗ್ರಹಿಸಿದ್ದಿ ನೀನು?" ಎಂದು ಹೆಂಡತಿ ಪ್ರಫುಲ್ಲಾಳಿಗೆ ಪಾಠ ಶುರುವಾಗುತ್ತಿತ್ತು. ಅವಳು ಆ ಹೊತ್ತಿಗೆ ನೀರುದೋಸೆಯ ಕಾವಲಿಗೂ ಚಟ್ನಿಯ ಮಿಕ್ಸಿಗೂ ನಡುವೆ ಓಡಾಡುತ್ತಿರುತ್ತಿದ್ದಳು. "ಜೀವ ಹೋದ್ರೂ ಚರ್ಮದ ಬಾಯಾರಿಕೆ ಹೋಗುದಿಲ್ಲ. ಈ ಊರಿನ ಎ.ಸಿ. ಉಂಟಲ್ಲ, ಅದು ಚರ್ಮದ ಪಸೆ ಪೂರಾ ಹೀರ್ತದೆ. ನಾವು ಕುಡಿಸ್ದಿದ್ರೆ ಬಿರುಕು ಬಿಡ್ತದೆ. ಒಮ್ಮೆ ಬಿರುಕು ಬಿಟ್ರೆ ಖಲಾಸ್. ಮತ್ತೆ ಎಂತ ಮಾಡಿದ್ರೂ ಇಲ್ಲ."

"ಹೌದಾ?" ಎನ್ನುತ್ತಿದ್ದಳು ಪ್ರಫುಲ್ಲಾ, ಕಾಲನ್ನು ನೆಲಕ್ಕೆ ಪೂರ್ತಿ ಊರದೆ.

ಊರಲು ಆಗುತ್ತಿರಲಿಲ್ಲ. ಅವಳ ಎರಡೂ ಹಿಮ್ಮಡಿಗಳು ಒಡೆದು ಬಿರುಕು ಬಿಟ್ಟಿದ್ದವು. ರಾತ್ರಿ ಮಗ್ಗುಲು ಬದಲಿಸಿದರೆ ಬೆಡ್‌ಶೀಟಿನ ನೂಲು ಸಿಕ್ಕಿಕೊಳ್ಳುತ್ತಿತ್ತು. ಯಾರದಾದರೂ ಮನೆಯ ಪೂಜೆಗೆ ಹೋದರೆ ಸೀರೆಯ ಅಂಚಿನೊಳಗೆ ಪಾದ ಎಳೆದುಕೊಂಡು, ಎಲ್ಲರೂ ಊಟಕ್ಕೆ ಎದ್ದ ಮೇಲೆ ಏಳುತ್ತಿದ್ದಳು. ಆ ಮನೆಯಲ್ಲಿ ಚರ್ಮದ ಬಗ್ಗೆ ಅಷ್ಟೆಲ್ಲ ತಿಳಿದ ತಜ್ಞನೊಬ್ಬ ವಾಸವಾಗಿದ್ದ. ಅವನ ಕಣ್ಣು ಮಾತ್ರ ಇಟಲಿಯ ಆಚೆಗೆ ಹೋಗುತ್ತಿರಲಿಲ್ಲ.

ಇಷ್ಟಕ್ಕೂ ಈ ಶೂಗಳ ಹುಚ್ಚು ಹಿಡಿಸಿದವರು ನಿಝಾಮುದ್ದೀನ್ ಸಾಹೇಬರು. ಭಟ್ಕಳದ ವ್ಯಾಪಾರಿ ಮನೆತನದವರು, ಅಬುಧಾಬಿಯ ಕಡಲತಡಿ ಕನ್ನಡ ಬಳಗಕ್ಕೆ ಬಹುಕಾಲದಿಂದ ಅಧ್ಯಕ್ಷರು. ಒಮ್ಮೆ ಕಮಿಟಿ ಮೀಟಿಂಗಿನಲ್ಲಿ ಚಹಾ ಹೀರುತ್ತಾ, ಯಾರೋ ಬ್ಯಾಂಕಿನ ಮ್ಯಾನೇಜರನ ವಿಷಯ ಬಂದಾಗ, "ಶೂ ನೋಡಿಯೇ ಹೇಳಿದೆ ನಾನು, ಇದು ದೊಡ್ಡ ಮನುಷ್ಯ ಅಂತ" ಎಂದುಬಿಟ್ಟರು. ಅವರು ಮರುಗಳಿಗೆಯೇ ಆ ಮಾತನ್ನು ಮರೆತರು. ಅವರು ಸ್ವತಃ ಹಾಕುತ್ತಿದ್ದದ್ದು ಎಂಥದ್ದೋ ಹಳೇ ಸ್ಯಾಂಡಲ್. ಆದರೆ ಮೂಲೆಯಲ್ಲಿ ಕುರ್ಚಿ ಜೋಡಿಸುತ್ತಿದ್ದ ಮೋಹನದಾಸನ ಎದೆಗೆ ಅದು ನಾಟಿತು. ಬಳಗದಲ್ಲಿ ಅವನ ಕೆಲಸವೇ ಅದು. ಯಾವ ಕಾರ್ಯಕ್ರಮವೇ ಇರಲಿ, ಕುರ್ಚಿ ಹಾಕುವುದು, ನೀರಿನ ಬಾಟಲಿ ಇಡುವುದು, ಕೊನೆಗೆ ಕುರ್ಚಿ ಎತ್ತುವುದು. ಕಂಪೆನಿಯಲ್ಲಿ ಪರ್ಚೇಸ್ ಮ್ಯಾನೇಜರ್ ಆಗಿ ಜನರನ್ನು ಎದುರು ಕೂರಿಸಿಕೊಂಡು ನಡುಗಿಸುವ ತನಗೆ, ತಾನೇ ಹಾಕಿದ ಕುರ್ಚಿಯಲ್ಲಿ ಒಂದು ಸಲವಾದರೂ ವೇದಿಕೆಯ ಮೇಲೆ ಕೂರುವ ಯೋಗವಿಲ್ಲವೇ ಎಂಬುದು ಅವನ ದೊಡ್ಡ ದುಃಖ. ನಿಝಾಮುದ್ದೀನ್ ಸಾಹೇಬರು ಈ ವರ್ಷ ಇಳಿಯುತ್ತಾರೆ ಎಂಬ ಸುದ್ದಿ ಹಬ್ಬಿದ್ದೇ, ಅಧ್ಯಕ್ಷಗಿರಿಯೊಂದೇ ಅವನ ಬದುಕಿನ ಗುರಿಯಾಯಿತು. ಅದಕ್ಕೆ ದಾರಿ ಶೂ ಎಂದು ಅವನು ನಂಬಿದ.

ದಾರಿಯಲ್ಲಿ ಒಂದೇ ಒಂದು ತೊಡಕಿತ್ತು. ಅವನ ಶೂಗಳನ್ನು ಯಾರೂ ನೋಡಲು ಸಾಧ್ಯವಿರಲಿಲ್ಲ. ನಮ್ಮವರ ಬದುಕು ನಡೆಯುವುದೇ ಬರಿಗಾಲಿನಲ್ಲಿ. ಸತ್ಯನಾರಾಯಣ ಪೂಜೆಯೇ ಇರಲಿ, ನಾಮಕರಣವೇ ಇರಲಿ, ಸಾಹೇಬರ ಮನೆಯ ಇಫ್ತಾರೇ ಇರಲಿ, ಬಾಗಿಲಲ್ಲಿ ಕಳಚಿ ಒಳಗೆ ಹೋಗಬೇಕು. ಅಷ್ಟೆಲ್ಲ ಎಣ್ಣೆ ಕುಡಿಸಿ ಹೊಳಪಿಸಿದ ಇಟಲಿಯ ಚರ್ಮ ಕಾರಿಡಾರಿನ ರಾಶಿಯಲ್ಲಿ, ಯಾರದೋ ಮಗುವಿನ ರಬ್ಬರ್ ಚಪ್ಪಲಿಯ ಕೆಳಗೆ ಬಿದ್ದಿರುತ್ತಿತ್ತು. ಅವನ ಶೂಗಳನ್ನು ಮನಸಾರೆ ನೋಡಿದ್ದು ಆ ಕಾರಿಡಾರುಗಳ ಸೆಕ್ಯೂರಿಟಿ ಕ್ಯಾಮೆರಾ ಮಾತ್ರ.

ಹಾಗಾಗಿ ಬಳಗದ ವಾರ್ಷಿಕೋತ್ಸವ ಈ ಸಲ ಹೋಟೆಲಿನ ಹಾಲಿನಲ್ಲೇ ಆಗಬೇಕು ಎಂದು ಅವನು ಹಟ ಹಿಡಿದ. ಹೋಟೆಲಿನಲ್ಲಿ ಯಾರೂ ಶೂ ಕಳಚುವುದಿಲ್ಲ. ಅಷ್ಟರಲ್ಲಿ ಹೋಟೆಲಿನವರು ಒಂದು ಷರತ್ತು ಹಾಕಿದರು. ಹಾಲಿನೊಳಗೆ ಬೆಂಕಿ 'ಮಾಫಿ', ಇಲ್ಲವೇ ಇಲ್ಲ. ಎಣ್ಣೆ ದೀಪ ಹಚ್ಚುವಂತಿಲ್ಲ, ಬೇಕಾದರೆ ಬ್ಯಾಟರಿಯ ಎಲ್‌ಇಡಿ ದೀಪ ತನ್ನಿ. ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಸಂಸ್ಕೃತಿ ಮುಳುಗಿಯೇ ಹೋಯಿತೆಂದು ಗಲಾಟೆಯೆದ್ದಾಗ ಖುಷಿಪಟ್ಟವನು ಮೋಹನದಾಸ ಒಬ್ಬನೇ. ದೀಪ ಬೆಳಗುವಾಗ ಗಣ್ಯರು ಶೂ ಕಳಚುವುದು ನಮ್ಮ ಪದ್ಧತಿ. ಆದರೆ ಬ್ಯಾಟರಿಗೆ ಯಾವ ಮಡಿ? ಅದು ಸ್ವಿಚ್ಚು. ಆಫೀಸಿನಲ್ಲಿ ಲೈಟು ಹಾಕುವಾಗ ಯಾರಾದರೂ ಶೂ ಬಿಚ್ಚುತ್ತಾರೆಯೇ? ಈ ವಾದವನ್ನು ಅವನು ಗ್ರೂಪಿನಲ್ಲಿ ಬರೆದ. ಯಾರೂ ಉತ್ತರಿಸಲಿಲ್ಲವಾದ್ದರಿಂದ ಸರ್ವರೂ ಒಪ್ಪಿದ್ದಾರೆಂದು ತಿಳಿದುಕೊಂಡ.

ಒಂದು ಭಯ ಮಾತ್ರ ಉಳಿದಿತ್ತು. ರುವೈಸಿನ ರಿಫೈನರಿಯ ಎಂಜಿನಿಯರ್ ರಂಜಿತ್. ಕಿರಿಯ, ಮಾತುಗಾರ, ಸಾಹೇಬರಿಗೆ ಬೇಕಾದವನು. ಅವನೇನಾದರೂ ಅಧ್ಯಕ್ಷನಾಗಲು ಹೊರಟರೆ? ಆದರೆ ಅವನು ಹಾಕುವುದು ಕಂಪೆನಿ ಕೊಟ್ಟ ಸೇಫ್ಟಿ ಶೂ, ಆಡಿನ ಗೊರಸಿನಂಥದ್ದು. ಅದನ್ನು ನೆನೆಸಿಕೊಂಡಾಗೆಲ್ಲ ಮೋಹನದಾಸನಿಗೆ ಧೈರ್ಯ ಬರುತ್ತಿತ್ತು.

ಇತ್ತ ಪ್ರಫುಲ್ಲಾಳ ಮನಸ್ಸಿನಲ್ಲಿ ಗಂಡನ ಪಾಠ ಇಳಿಯತೊಡಗಿತ್ತು. ಒಂದು ಮಧ್ಯಾಹ್ನ ಬಲ ಹಿಮ್ಮಡಿ ಸೀಳಿ, ಬಿಳಿ ಟೈಲ್ಸಿನ ಮೇಲೆ ರಕ್ತದ ಚುಕ್ಕೆ ಬಿತ್ತು. ಅದನ್ನು ಒರೆಸುತ್ತಾ ಕೂತವಳಿಗೆ ಎದುರಿನ ಕಪಾಟಿನಲ್ಲಿ ಆ ಗಾಜಿನ ಜಾಡಿ ಕಂಡಿತು. ಲೋಫರ್‌ಗೆಂದೇ ತಂದದ್ದು, ಜೇನುಮೇಣ ಮತ್ತು ಕುರಿ ಉಣ್ಣೆಯ ಕೊಬ್ಬು ಬೆರೆಸಿದ, ಮಾಸಲು ಕೆಂಪಿನ ಮೆತ್ತನೆ ಕ್ರೀಮು. ಸತ್ತ ಕರುವಿನ ಚರ್ಮ ಇದನ್ನು ಕುಡಿದು ಮೆತ್ತಗಾಗುವುದಾದರೆ ಬದುಕಿರುವ ತನ್ನ ಚರ್ಮ ಏನು ಪಾಪ ಮಾಡಿದೆ? ಅವಳು ಗಂಡ ಹೇಳಿಕೊಟ್ಟ ಕ್ರಮ ತಪ್ಪಿಸಲಿಲ್ಲ. ಧೂಳು ತೊಳೆದಳು, ಒರೆಸಿದಳು, ನೆರಳಿನಲ್ಲಿ ಆರಿಸಿದಳು, ಕಡಲೆಬೇಳೆಯಷ್ಟು ತೆಗೆದು ಅವಸರವಿಲ್ಲದೆ ಉಜ್ಜಿದಳು.

ಕ್ರೀಮು ತನ್ನ ಹೆಸರು ಉಳಿಸಿಕೊಂಡಿತು. ಬಿರುಕುಗಳು ಕೂಡುತ್ತಾ ಬಂದವು. ಅವಳು ಕಾಲೂರಿ ನಡೆಯತೊಡಗಿದಳು, ಪಾತ್ರೆ ತೊಳೆಯುವಾಗ ಹಾಡು ಗುನುಗತೊಡಗಿದಳು. ಅಷ್ಟು ದಿನವೂ ಅವಳ ಹಿಮ್ಮಡಿಗಳು ಮಾಸಲು ಕೆಂಪಾಗಿಯೇ ಇದ್ದವು. ಸೋಪಿನಲ್ಲಿ ತೊಳೆದರೆ ಬಣ್ಣ ಹೋಗುತ್ತಿತ್ತು, ಹಚ್ಚಿದರೆ ಮತ್ತೆ ಬರುತ್ತಿತ್ತು. ತಜ್ಞರು ಒಂದು ದಿನವೂ ಅದನ್ನು ಗಮನಿಸಲಿಲ್ಲ.

ವಾರ್ಷಿಕೋತ್ಸವದ ಹಿಂದಿನ ದಿನ ಜಾಡಿಯ ತಳ ಕಂಡಿತು. ಮರುದಿನ ಬೆಳಿಗ್ಗೆ ಮಹಾಪೂಜೆ. ಪ್ರಫುಲ್ಲಾ ಹೆಚ್ಚು ಯೋಚಿಸಲಿಲ್ಲ. ವ್ಯಾಸಲೀನ್ ಸ್ವಲ್ಪ, ಊರಿನ ಗಾಣದ ತೆಂಗಿನೆಣ್ಣೆ ಧಾರಾಳ, ಬಣ್ಣಕ್ಕೆಂದು ಕೋಳಿ ಕಬಾಬಿಗೆ ಹಾಕುವ ಕೆಂಪು ಪುಡಿ. ಚಿಟಿಕೆ ಹಾಕುವಲ್ಲಿ ಗಾಬರಿಗೆ ಚಮಚವೇ ಬಿತ್ತು. ಎಲ್ಲವನ್ನೂ ಕಲಸಿ ಜಾಡಿಗೆ ತುಂಬಿ ಎ.ಸಿ.ಯ ಎದುರು ಇಟ್ಟಳು. ತೆಂಗಿನೆಣ್ಣೆ ತಂಪಿಗೆ ಗಟ್ಟಿಯಾಗಿ, ಇಟಲಿಯದ್ದೇ ಎನ್ನುವ ಹಾಗೆ ಕೂತಿತು.

ಶುಕ್ರವಾರ ಬೆಳಿಗ್ಗೆ ಮೋಹನದಾಸ ಜಾಡಿ ತೆರೆದು ಮೂಸಿ ನೋಡಿದ. "ಬಣ್ಣ ಒಂಚೂರು ಏರಿದೆ. ಹಳೆಯದಾದ ಹಾಗೆ ಒಳ್ಳೆ ಕ್ರೀಮು ಹೀಗೆಯೇ ಪಾಕ ಬರುದು" ಎಂದ. ಚಟ್ನಿಗೆ ಕಾಯಿ ತುರಿಯುತ್ತಿದ್ದ ಪ್ರಫುಲ್ಲಾ ತಲೆಯೆತ್ತಲಿಲ್ಲ. ವಿಶೇಷ ದಿನವಾದ್ದರಿಂದ ಅವನು ಧಾರಾಳಿಯಾದ. ಹೊರಗೆ ಮಾತ್ರವಲ್ಲ, ಒಳಗಿನ ಅಸ್ತರಿಗೂ ಬೆರಳು ತೂರಿಸಿ ದಪ್ಪಗೆ ಬಳಿದ. ಒಳಗಿನದ್ದೂ ಚರ್ಮವೇ, ಅದಕ್ಕೂ ಬಾಯಾರಿಕೆ ಇರುತ್ತದಲ್ಲ.

ಸಂಜೆ ಹೊರಡುವಾಗ ಮಗಳು ಅಕ್ಷಿತಾ ಫೋನಿನಿಂದ ಕಣ್ಣು ಕಿತ್ತು ಅಪ್ಪನನ್ನು ನೋಡಿದಳು. "ಡ್ಯಾಡ್, ನೋ ಸಾಕ್ಸ್ ವಿತ್ ಲೋಫರ್ಸ್. ಪ್ಲೀಸ್."

"ಸಾಕ್ಸ್ ಇಲ್ಲದೆ ಹೇಗೆ ಹೋಗುದು ಮಗಾ?"

"ನೋಬಡಿ ವೇರ್ಸ್ ದೆಮ್." ಆಮೇಲೆ ಮೂಗು ಅರಳಿಸಿದಳು. "ಆ್ಯಂಡ್ ವೈ ಡು ಯುವರ್ ಶೂಸ್ ಸ್ಮೆಲ್ ಲೈಕ್ ಅಜ್ಜಿ?"

ಮೋಹನದಾಸ ಸಾಕ್ಸ್ ಕಳಚಿದ. ಎರಡನೆಯ ಪ್ರಶ್ನೆಗೆ ಗಮನ ಕೊಡಲಿಲ್ಲ.

ಸೆಪ್ಟೆಂಬರಿನ ಸಂಜೆ. ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುವ ಸೆಖೆ. ಹಾಲಿನೊಳಗೆ ಎ.ಸಿ. ಇತ್ತು, ಆದರೆ ಬೆಳಕು ಮಂದ. ಪೋರ್ಟಿಕೋದಲ್ಲಿ ಬೆಳಕು ಝಗಝಗ, ನೆಲಕ್ಕೆ ಕನ್ನಡಿಯಂಥ ಕಲ್ಲು. ಮೋಹನದಾಸ ಅಲ್ಲಿಯೇ ನಿಂತು ಬಂದವರನ್ನೆಲ್ಲ ಸ್ವಾಗತಿಸಿದ. ಬಲಗಾಲು ಒಂದಿಷ್ಟು ಮುಂದೆ. ಜನ ನಮಸ್ಕಾರ ಎಂದರು, ಪಾರ್ಕಿಂಗ್ ಸಿಗಲಿಲ್ಲ ಎಂದರು, ಊಟ ಎಷ್ಟು ಹೊತ್ತಿಗೆ ಎಂದರು. ಒಬ್ಬರೂ ಕೆಳಗೆ ನೋಡಲಿಲ್ಲ. ರುವೈಸಿನಿಂದ ಡ್ಯೂಟಿ ಮುಗಿಸಿ ನೇರ ಬಂದ ರಂಜಿತ್, ಅದೇ ಸೇಫ್ಟಿ ಶೂ ಟಕಟಕ ಅನ್ನಿಸುತ್ತಾ ಒಳಗೆ ಹೋದ. ಸಾಹೇಬರು ಅವನ ಹೆಗಲ ಮೇಲೆ ಕೈಹಾಕಿ ಏನೋ ಗುಟ್ಟು ಹೇಳಿದರು. ಮೋಹನದಾಸನಿಗೆ ಇನ್ನಷ್ಟು ಬೆವರು ಬಂತು. ತೆಂಗಿನೆಣ್ಣೆಗೆ ಎಲ್ಲಿ ಕರಗಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಲೋಫರಿನೊಳಗೆ ಪಚಪಚ ಎನ್ನತೊಡಗಿತು. ಚರ್ಮ ಕುಡಿಯುತ್ತಿದೆ ಎಂದು ಅವನು ಸಮಾಧಾನ ತಂದುಕೊಂಡ.

ಕಾರ್ಯಕ್ರಮ ಶುರುವಾಯಿತು. ನಿಝಾಮುದ್ದೀನ್ ಸಾಹೇಬರು ಮೈಕು ಹಿಡಿದು, "ಈಗ ದೀಪ ಬೆಳಗಿಸಲಿಕ್ಕೆ ನಮ್ಮ ಹಿರಿಯರು ಸುಶೀಲಮ್ಮ ಬರಬೇಕು. ಅವರ ಜೊತೆ ನಮ್ಮ ಮೋಹನದಾಸ್ರು, ಶ್ರೀಮತಿ ಸಮೇತ. ಯಲ್ಲಾ, ಬನ್ನಿ!" ಎಂದರು. ಮೋಹನದಾಸನಿಗೆ ನೆಲ ಕಾಲಿಗೆ ತಾಗಲಿಲ್ಲ. ವೇದಿಕೆ! ಜೋಡಿಯಾಗಿ! ಇನ್ನು ಘೋಷಣೆಯೊಂದೇ ಬಾಕಿ.

ಸುಶೀಲಮ್ಮ ಬಳಗದ ಖಜಾಂಚಿಯ ತಾಯಿ, ಹಾಸನದ ಕಡೆಯವರು, ಮಗನ ಮನೆಗೆ ವಿಸಿಟ್ ವೀಸಾದಲ್ಲಿ ಬಂದವರು. ಅವರು ಮೆಟ್ಟಿಲ ಬಳಿಯೇ ಚಪ್ಪಲಿ ಬಿಟ್ಟು, ವೇದಿಕೆಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಹೆಜ್ಜೆಯಿಟ್ಟು ಹಿಂತಿರುಗಿ ನೋಡಿದರು. ಮೋಹನದಾಸ ಲೋಫರ್ ಸಮೇತ ಹತ್ತಲು ಕಾಲೆತ್ತಿದ್ದ.

"ಮೆಟ್ಟು ಬಿಡಪ್ಪ."

"ಅಮ್ಮಾ, ಇದು ಬ್ಯಾಟರಿದು..."

"ಯಾವ್ದಾದ್ರೇನಪ್ಪ? ದೀಪ ಅಂದ್ಮೇಲೆ ದೀಪಾನೇ. ಬಿಡು, ಬಿಡು."

ಇಡೀ ಹಾಲು ನೋಡುತ್ತಿತ್ತು. ಅವನು ಲೋಫರ್ ಕಳಚಿದ. ಪ್ರಫುಲ್ಲಾ ಆಗಲೇ ಕಳಚಿ ಹತ್ತಿಯಾಗಿತ್ತು. ಅವನು ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ದೀಪದ ತನಕ ಹೋದ. ಹಿಂದೆ ಬಿಳಿ ಬಟ್ಟೆಯ ಮೇಲೆ ಅಚ್ಚ ಕೆಂಪಿನ ಹೆಜ್ಜೆಗಳು, ಹಬ್ಬದ ದಿನ ಬಾಗಿಲಲ್ಲಿ ಬರೆಯುವ ಲಕ್ಷ್ಮಿಯ ಪಾದದ ಹಾಗೆ, ಸಾಲಾಗಿ ಮೂಡಿದ್ದವು.

ಹಿಂದಿನ ಸಾಲಿನಿಂದ ಯಾರೋ, "ಇವತ್ತು ಯಕ್ಷಗಾನ ಸಹ ಉಂಟಾ ಮಾರಾಯ್ರೆ? ಸ್ತ್ರೀವೇಷ ಬಂದಾಯ್ತಲ್ಲ!" ಎಂದರು. ನಗೆ ಸಿಡಿಯಿತು. ಮೋಹನದಾಸ ಕೆಳಗೆ ನೋಡಿದ. ಕಣಕಾಲಿನ ತನಕ ಕಬಾಬಿನ ಕೆಂಪು. ಅವನಿಗೆ ಅಲ್ಲಿಯೇ ಇಂಗಿಹೋಗಬೇಕೆನ್ನಿಸಿತು. ಇಷ್ಟು ವರ್ಷದ ಆಸೆ, ಅದೂ ಕೈಗೆ ಸಿಕ್ಕಿದ ಹೊತ್ತಿನಲ್ಲಿ!

ಕೈಹಿಡಿದವರು ಸುಶೀಲಮ್ಮ. ಅವರು ಬಗ್ಗಿ ನೋಡಿ, ಕಣ್ಣರಳಿಸಿ, "ಪಾದಪೂಜೆ ಮಾಡಿಸ್ಕೊಂಡು ಬಂದಿದೀಯೇನಪ್ಪ? ನಮ್ ಕಡೆ ಭೀಮನ ಅಮಾಸೆಗೆ ಹೆಂಗಸ್ರು ಗಂಡನ ಪಾದ ಪೂಜೆ ಮಾಡ್ತೀವಿ. ನಿಮ್ಮಲ್ಲೂ ಇದ್ಯೇನು?" ಎಂದರು.

ಮುಳುಗುವವನಿಗೆ ದೋಣಿ ಸಿಕ್ಕಿತು. "ಹೌದಮ್ಮ" ಎಂದ ಮೋಹನದಾಸ. ಧ್ವನಿ ಮೊದಲು ಕೀರಲಾಯಿತು, ಆಮೇಲೆ ಗಟ್ಟಿಯಾಯಿತು. "ಬೆಳಿಗ್ಗೆ ಮನೆಯಲ್ಲಿ ಪಾದಪೂಜೆ ಇತ್ತು. ವಿಶೇಷ ದಿನ ಅಲ್ವಾ. ನಮ್ಮ ಮನೆಯ ಕ್ರಮ ಅದು."

ನಗೆ ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಗಲ್ಫಿಗೆ ಬಂದರೂ ಬಿಡದ ಸಂಸ್ಕಾರ ಎಂದು ಮುಂದಿನ ಸಾಲಿನ ಗಂಡಸರು ತಂತಮ್ಮ ಹೆಂಡತಿಯರ ಕಡೆ ನೋಡಿದರು. ಹೆಂಡತಿಯರು ವೇದಿಕೆಯ ಮೇಲಿದ್ದ ಪ್ರಫುಲ್ಲಾಳ ಕಡೆ, ಇವಳಿಂದ ನಮಗೂ ಬಂತಲ್ಲ ಗ್ರಹಚಾರ ಎಂಬಂತೆ ನೋಡಿದರು. ಸಾಹೇಬರಂತೂ ಕರಗಿಹೋದರು. "ಮಾಶಾ ಅಲ್ಲಾ! ಇಂಥ ತಾಯಂದಿರು ಇರುವುದರಿಂದ ನಮ್ಮ ಬಳಗ ಉಳಿದಿದೆ. ಪ್ರಫುಲ್ಲಕ್ಕಾ, ಎರಡು ಮಾತು ನೀವೇ ಹೇಳಬೇಕು" ಎಂದು ಮೈಕನ್ನು ಅವಳ ಕೈಗೇ ಕೊಟ್ಟರು.

ಪ್ರಫುಲ್ಲಾ ಮೈಕು ಹಿಡಿದು ಗಂಡನನ್ನು ನೋಡಿದಳು. ಅವನ ಕಣ್ಣು ಅಂಗಲಾಚುತ್ತಿತ್ತು. ಅವಳ ನೋಟ ಎದುರಿಸಲಾರದೆ ಅವನು ತಲೆ ತಗ್ಗಿಸಿದ. ತಗ್ಗಿಸಿದ್ದರಿಂದ ಅವಳ ಕಾಲು ಕಂಡಿತು.

ತನ್ನ ಕೆಂಪು ಪಾದಗಳ ಪಕ್ಕದಲ್ಲಿ, ಬಿಳಿ ಬಟ್ಟೆಯ ಮೇಲೆ, ಸೀರೆಯೊಳಗೆ ಅಡಗಿಕೊಳ್ಳದೆ ನಿಂತ ಎರಡು ಪಾದ. ಅವನು ನೋಡಿದ್ದು ತಜ್ಞನ ಕಣ್ಣಿನಿಂದಲೇ, ಬೇರೆ ಕಣ್ಣು ಅವನಿಗೆ ಎಲ್ಲಿತ್ತು? ಒಂದು ಬಿರುಕಿಲ್ಲ. ಅಂಚು ಸಮ. ಪಸೆ ಆರಿಲ್ಲ. ಅವಸರವಿಲ್ಲದೆ, ಸುತ್ತಿಸಿ ಸುತ್ತಿಸಿ ಉಜ್ಜಿದಾಗ ಮಾತ್ರ ಬರುವ ಒಳಗಿನ ಹೊಳಪು. ಇದು ತನ್ನ ಜಾಡಿಯ ಕೆಲಸ. ಅವನಿಗೆ ತೆಂಗಿನೆಣ್ಣೆಯ ವಾಸನೆಯೂ ಈಗ ಸರಿಯಾಗಿ ಬಡಿಯಿತು. ಆಮೇಲೆ, ಬಹಳ ತಡವಾಗಿ, ಬೆಡ್‌ಶೀಟಿನಲ್ಲಿ ಎದ್ದುನಿಂತ ನೂಲುಗಳು ನೆನಪಾದವು. ಪೂಜೆಮನೆಗಳಲ್ಲಿ ಅವಳು ಎಲ್ಲರೂ ಎದ್ದ ಮೇಲೆ ಏಳುತ್ತಿದ್ದದ್ದು ನೆನಪಾಯಿತು. ಅವನಿಗೆ ನಾಚಿಕೆಯಾಯಿತು. ಕೆಂಪು ಕಾಲಿಗಾಗಿ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ.

"ನಮ್ಮ ಮನೆಯಲ್ಲಿ ಪಾದಪೂಜೆ ನಡೆಯುದು ಹೌದು" ಎಂದಳು ಪ್ರಫುಲ್ಲಾ ಮೈಕಿನಲ್ಲಿ, ನಿಧಾನಕ್ಕೆ. "ಪ್ರತಿ ಶುಕ್ರವಾರ ನಡೀತದೆ. ಯಾರ ಪಾದದ್ದು ಅಂತ ಇವ್ರೇ ಹೇಳ್ಲಿ."

ಮೈಕು ಅವನ ಕೈಗೆ ಬಂತು. ಹಾಲು ಕಾಯುತ್ತಿತ್ತು. ಇನ್ನೊಂದು ಸುಳ್ಳು ಸಾಕಿತ್ತು, ಅದು ನಾಲಿಗೆಯ ತುದಿಯಲ್ಲೇ ಇತ್ತು ಕೂಡ. ಮೋಹನದಾಸ ಮೈಕನ್ನು ಬಾಯಿಯ ಹತ್ತಿರ ತಂದ.

"ಶೂದ್ದು ಮಾರಾಯ್ರೆ" ಎಂದ. "ಪೂಜೆ ಶೂವಿಂದು."

ಆಮೇಲೆ ನಿಲ್ಲಿಸಲಾಗಲಿಲ್ಲ. ಜಾಡಿ, ಕ್ರೀಮು, ಇಟಲಿ, ಎಲ್ಲ ಹೇಳಿದ. ಅವನಿಗೆ ಗೊತ್ತೇ ಇಲ್ಲದ ಕಬಾಬ್ ಪುಡಿಯ ವಿಷಯವನ್ನು ಪ್ರಫುಲ್ಲಾ ಪಕ್ಕದಿಂದ ಸೇರಿಸಿದಳು. ಹಾಲು ಹೊಟ್ಟೆ ಹಿಡಿದು ನಕ್ಕಿತು. ಸುಶೀಲಮ್ಮ ಕಣ್ಣೊರೆಸಿಕೊಳ್ಳುತ್ತಾ, ಯಾರೂ ಕೇಳದಿದ್ದರೂ, ದೀಪದ ಸ್ವಿಚ್ಚು ಒತ್ತಿದರು. ಎಲ್‌ಇಡಿ ಹೊತ್ತಿಕೊಂಡಿತು. ಹೋಟೆಲಿನ ಮ್ಯಾನೇಜರ್ ಓಡಿಬಂದು ಬಿಳಿ ಬಟ್ಟೆಯನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ.

ಮೋಹನದಾಸ ಮೈಕು ಕೆಳಗಿಟ್ಟು, ಮೆಲ್ಲಗೆ ಸಾಹೇಬರಿಗೆ, "ಅಧ್ಯಕ್ಷಗಿರಿ ರಂಜಿತ್‌ಗೆ ಕೊಡಿ, ಬೇಜಾರಿಲ್ಲ" ಎಂದ.

ಸಾಹೇಬರು ಅವನನ್ನು ವಿಚಿತ್ರವಾಗಿ ನೋಡಿದರು. "ರಂಜಿತ್ ಬೇಡ ಅಂತ ಯಾವಾಗಲೋ ಕೈಮುಗಿದಿದ್ದಾನೆ. ಈಗ ಬಾಗಿಲಲ್ಲಿ ಸಹ ಕೇಳಿದೆ, ಓಡಿದ. ಎಲ್ಲರನ್ನೂ ಕೇಳಿ ಆಯ್ತು ಮೋಹನದಾಸ್ರೇ, ಯಾರಿಗೂ ಬೇಡ. ಕುರ್ಚಿ ಎತ್ತಲಿಕ್ಕೆ ಅಭ್ಯಾಸ ಇರುವವರು ನೀವೊಬ್ಬರೇ. ಹೋದ ವರ್ಷವೇ ನಿಮ್ಮನ್ನು ಮಾಡುವ ಅಂತ ಇತ್ತು, ನೀವು ಆ ದಿನ ಶೂ ಹುಡುಕ್ತಾ ಕಾರಿಡಾರಲ್ಲಿದ್ರಿ."

ಹೀಗೆ ಮೋಹನದಾಸ ಅವಿರೋಧವಾಗಿ ಅಧ್ಯಕ್ಷನಾದ. ಹಾರ ಹಾಕಿಸಿಕೊಂಡದ್ದು ಬರಿಗಾಲಿನಲ್ಲಿ. ಊಟದ ಹೊತ್ತಿಗೆ ಹೆಂಗಸರು ಪ್ರಫುಲ್ಲಾಳನ್ನು ಮುತ್ತಿಕೊಂಡು, ಕ್ರೀಮು ಯಾವುದು, ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದರು. ಅಧ್ಯಕ್ಷರನ್ನು ಯಾರೂ ಏನೂ ಕೇಳಲಿಲ್ಲ. ಅವರು ಹೋಗಿ ಕುರ್ಚಿ ಎತ್ತಿದರು.

ಮುಂದಿನ ಶುಕ್ರವಾರ ಬೆಳಿಗ್ಗೆ ಬಾಲ್ಕನಿಯ ಬಳಿ ಪೇಪರ್ ಹಾಸಿತ್ತು. ಹೊಸ ಜಾಡಿ ಬಂದಿತ್ತು. ಕೆಂಪು ಇನ್ನೂ ಪೂರ್ತಿ ಬಿಡದ ತನ್ನ ಕಾಲನ್ನು ಮಡಚಿ ಕೂತು ಮೋಹನದಾಸ ಕರೆದ, "ಪ್ರಫುಲ್ಲಾ, ಇಲ್ಲಿ ಬಾ ಒಮ್ಮೆ. ಕೂತ್ಕೋ. ಕಾಲು ಇಲ್ಲಿಡು."

ಅವಳು ಕಾವಲಿಯ ಒಲೆ ಆರಿಸಿ ಬಂದು, ಅನುಮಾನದಿಂದಲೇ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದಳು. ಅವನು ಒದ್ದೆ ಬಟ್ಟೆಯಲ್ಲಿ ಹಿಮ್ಮಡಿ ಒರೆಸಿದ, ನೆರಳಿಗೆ ತಿರುಗಿಸಿ ಹಿಡಿದ, ಕಡಲೆಬೇಳೆಯಷ್ಟು ತೆಗೆದ. ಆಮೇಲೆ ಅವನಿಗೆ ತಡೆಯಲಾಗಲಿಲ್ಲ.

"ನೋಡು, ಚರ್ಮ ಅಂದ್ರೆ ಎಂತ ಅಂತ..."

"ಭಾಷಣ ಬೇಡ" ಎಂದಳು ಪ್ರಫುಲ್ಲಾ. "ಉಜ್ಜಿ."